ಚಾವಣಿಯ ದೋಣಿ

ಭಾನುವಾರ, ೯ನೇ ತಾರೀಖು

ನನ್ನ ಮುದ್ದಿನ ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನೀನೂ ಅಳಿಯಂದಿರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಮೊದಲೆಲ್ಲ ಈ ಸಾಲಿನ ಕೆಳಗೆ ‘ನಾವಿಬ್ಬರೂ ಇಲ್ಲಿ ಕ್ಷೇಮ’ ಎಂದು ಬರೆಯುತ್ತಿದ್ದೆ. ನಿಮ್ಮಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, “ನನ್ನ ಮಂಡಿನೋವು ಬರಿ ಅಕ್ಕಾ, ಸುಳ್ಳು ಯಾಕೆ ಬರೀತೀಯ?” ಎನ್ನುತ್ತಿದ್ದಳು. ಅವಳು ಹೋಗಿ ನಾಲ್ಕು ತಿಂಗಳಾಯಿತು. ಈಗ ಆ ಸಾಲು ಬರೆಯಲು ಕೈ ಬರುವುದಿಲ್ಲ.

ನಿನ್ನ ಕಾಗದ ಬಂದು ಇಪ್ಪತ್ತಾರು ದಿನವಾಯಿತು. ದೊಡ್ಡಮ್ಮನಿಗೆ ಸೊಕ್ಕು ಎಂದು ಬೈದುಕೊಂಡಿರುತ್ತೀಯ. ಬೈದುಕೋ, ನನಗೇನೂ ಬೇಜಾರಿಲ್ಲ. ಬರೆಯಲು ಕೂತಾಗಲೆಲ್ಲ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಒಲೆ ಉಜ್ಜಿದೆ, ಕಿಟಕಿ ಒರೆಸಿದೆ, ನಿಮ್ಮಮ್ಮನ ಪೆಟ್ಟಿಗೆಯ ಬಟ್ಟೆಗಳನ್ನು ಮೂರು ಸಲ ತೆಗೆದು ಮೂರು ಸಲ ಮಡಿಸಿಟ್ಟೆ. ದಿನವಿಡೀ ಲಾಂಡ್ರಿಯಲ್ಲಿ ಮಡಿಸುವುದು ಸಾಲದೆಂದು ಮನೆಗೆ ಬಂದೂ ಅದೇ ಕೆಲಸ.

ಲಾಂಡ್ರಿಯ ವಿಷಯ ಕೇಳಿದ್ದೀಯ. ನನಗೀಗ ಹೊಸ ಜೋಡಿ ಕೊಟ್ಟಿದ್ದಾರೆ. ಬಿಸಿ ರೋಲರಿನಿಂದ ಬೆಡ್‌ಶೀಟು ಹೊರಗೆ ಬಂದರೆ ಇಬ್ಬರು ಎದುರುಬದುರು ನಿಂತು ತಲಾ ಎರಡು ಮೂಲೆ ಹಿಡಿಯಬೇಕು, ಒದರಬೇಕು, ಎರಡು ಹೆಜ್ಜೆ ಮುಂದೆ ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಹತ್ತೊಂಬತ್ತು ವರ್ಷ ನಿಮ್ಮಮ್ಮ ನನ್ನೆದುರು ನಿಂತವಳು. ನಮ್ಮಿಬ್ಬರ ಮಧ್ಯೆ ಮಾತೇ ಬೇಕಿರಲಿಲ್ಲ. ಈ ಹೊಸಬಳ ಮೂಲೆ ಯಾವಾಗಲೂ ನಾಲ್ಕು ಬೆರಳು ಕೆಳಗೆ. ನಮ್ಮ ಮೇಲ್ವಿಚಾರಕ ಗೊತ್ತಲ್ಲ, ಮಾತಿಗೊಮ್ಮೆ ಕೈಗಡಿಯಾರ ನೋಡುತ್ತಾನೆಂದು ನಾವೆಲ್ಲ ‘ಗಡಿಯಾರ’ ಎನ್ನುತ್ತೇವಲ್ಲ, ಅವನು ಮೊನ್ನೆ ಬಂದು, “ಏನಮ್ಮಾ, ಇತ್ತೀಚೆಗೆ ನಿಮ್ಮ ಕೈ ನಿಧಾನ ಆಗಿದೆ” ಅಂದ. “ನನ್ನ ಕೈ ಇದ್ದಲ್ಲೇ ಇದೆ ಸ್ವಾಮಿ, ಎದುರುಗಡೆ ಕೈ ಹೋಯ್ತು” ಅಂದೆ. ಗಡಿಯಾರ ನೋಡಿಕೊಂಡು ಹೋದ.

ಇರಲಿ. ನಿನ್ನ ದೂರಿನ ಕಾಗದಕ್ಕೆ ಬರುತ್ತೇನೆ. ಅದಕ್ಕೇ ತಾನೆ ನೀನು ಕಾದಿರುವುದು.

ಕನ್ನಡಕ ಹಾಕಿಕೊಂಡು ಓದಿದೆ. ಮತ್ತೆ ಓದಿದೆ. ಕ್ಲಿನಿಕ್ಕಿನ ನರ್ಸು ನಿಮ್ಮಮ್ಮನ ಗರ್ಭಕಂಠದ ಪರೀಕ್ಷೆಯನ್ನು ಕಾಟಾಚಾರಕ್ಕೆ ಮಾಡಿದಳು, ಅದಕ್ಕೇ ರಿಪೋರ್ಟಿನಲ್ಲಿ ಏನೂ ಇಲ್ಲವೆಂದು ಬಂತು, ಅದನ್ನು ನಂಬಿ ಡಾಕ್ಟರು ಕ್ಯಾನ್ಸರನ್ನು ಗುರುತಿಸದೆ ಹೋದರು, ಆದ್ದರಿಂದ ಆಕೆಯನ್ನು ಕೆಲಸದಿಂದ ತೆಗೆಯಬೇಕು. ಇಷ್ಟು ತಾನೆ? ವಕೀಲರು ಚೆನ್ನಾಗಿಯೇ ಬರೆದುಕೊಟ್ಟಿದ್ದಾರೆ. ನಿಮ್ಮಮ್ಮ ನಿನಗೆ ಫೋನಿನಲ್ಲಿ ಹೇಳಿದ್ದನ್ನೂ ಸೇರಿಸಿದ್ದಾರೆ: ಮಂಚದ ಮೇಲೆ ಮಲಗಿದರೆ ಕಾಣುವ ಹಾಗೆ ಚಾವಣಿಗೆ ಒಂದು ದೋಣಿಯ ಚಿತ್ರ ಅಂಟಿಸಿದೆ, ನರ್ಸು “ದೋಣಿ ನೋಡ್ತಾ ಇರಿ” ಅನ್ನುತ್ತಾಳೆ, ನೋಡುತ್ತಿರುವಾಗಲೇ ಎರಡು ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ. ರೋಗಿಯ ಗಮನ ಬೇರೆಡೆಗೆ ಸೆಳೆದು ಅವಸರದಲ್ಲಿ ಕೆಲಸ ಮುಗಿಸಿದಳು ಎಂಬುದಕ್ಕೆ ಇದೇ ಪುರಾವೆಯಂತೆ. ಕೊನೆಯಲ್ಲಿ ಸಾಕ್ಷಿಯ ಸಹಿಗೆ ಒಂದು ಗೀಟು. ಗೀಟಿನ ಪಕ್ಕ ನೀನು ಪೆನ್ಸಿಲಿನಲ್ಲಿ ‘ದೊಡ್ಡಮ್ಮ ಇಲ್ಲಿ’ ಎಂದು ಬರೆದಿದ್ದೀಯ. ಚಿಕ್ಕವಳಿದ್ದಾಗ ನಿನ್ನ ಶಾಲೆಯ ಅಂಕಪಟ್ಟಿಗೆ ನಾನು ಸಹಿ ಮಾಡುತ್ತಿದ್ದಾಗಲೂ ಹೀಗೇ ಬರೆದುಕೊಡುತ್ತಿದ್ದೆ.

ಪುಟ್ಟಿ, ನಾನು ಇದಕ್ಕೆ ಸಹಿ ಹಾಕುವುದಿಲ್ಲ.

ಕೋಪ ಮಾಡಿಕೊಳ್ಳುವ ಮೊದಲು ಪೂರ್ತಿ ಓದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ನರ್ಸು ದಿನಕ್ಕೆ ನಲವತ್ತು ಹೆಂಗಸರನ್ನು ನೋಡುವವಳು. ಕ್ಲಿನಿಕ್ಕು ಎಂದರೆ ಏನೆಂದುಕೊಂಡೆ? ಪುರಸಭೆಯ ಕಟ್ಟಡದ ಹಿಂದೆ, ನೀರಿನ ಮೀಟರುಗಳ ಪಕ್ಕದ ಕೋಣೆ. ಒಂದು ಮಂಚ, ಚಕ್ರ ಮುರಿದ ಒಂದು ಪರದೆ, ಬಾಗಿಲಿಗೆ ಚಿಲಕ ಹತ್ತುವುದಿಲ್ಲವೆಂದು ಒಳಗಿನಿಂದ ಒರಗಿಸುವ ಒಂದು ಕುರ್ಚಿ. ಹೊರಗೆ ಬೆಂಚಿನ ಮೇಲೆ ನಾವು, ಮಡಿಲಲ್ಲಿ ಚೀಲ ಇಟ್ಟುಕೊಂಡು, ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿ. ಆ ಕೋಣೆಯಲ್ಲಿ ನಮಗೆ ಮರ್ಯಾದೆ ಕೊಟ್ಟವಳು ಅವಳೊಬ್ಬಳೇ. ಉಪಕರಣವನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, “ಈಗ ಮುಟ್ತೀನಿ, ಹೆದರಬೇಡಿ” ಎಂದು ಹೇಳಿಯೇ ಮುಟ್ಟುತ್ತಿದ್ದಳು. ದೋಣಿ ಅಂಟಿಸಿದ್ದು ಕೂಡ ಅವಳೇ, ತನ್ನ ಮನೆಯ ಹಳೇ ಕ್ಯಾಲೆಂಡರಿನಿಂದ ಕತ್ತರಿಸಿ. ನಿನ್ನ ವಕೀಲರಿಗೆ ಅದು ಪುರಾವೆಯಾಗಿ ಕಂಡಿತೇ? ಅವರನ್ನೊಮ್ಮೆ ಆ ಮಂಚದ ಮೇಲೆ ಮಲಗಿಸಬೇಕಿತ್ತು, ದೋಣಿಯ ಬೆಲೆ ಗೊತ್ತಾಗುತ್ತಿತ್ತು.

ನಿಮ್ಮಮ್ಮನಿಗೆ ಇಂಥ ಕೋಣೆಗಳೆಂದರೆ ಎಷ್ಟು ಭಯ ಎಂಬುದು ನಿನಗೆ ಗೊತ್ತಿಲ್ಲ. ನಿನ್ನನ್ನು ಹೆತ್ತ ದಿನ, ಆಸ್ಪತ್ರೆಯಲ್ಲಿ ಅವಳ ಸುತ್ತ ಹನ್ನೊಂದು ಜನ ವಿದ್ಯಾರ್ಥಿಗಳನ್ನು ನಿಲ್ಲಿಸಿ ಪಾಠ ಹೇಳಿದರು. ನೋವಿಗೆ ಕಿರುಚಿದ್ದಕ್ಕೆ ಆಯಾ ತೊಡೆಯ ಮೇಲೆ ಹೊಡೆದು, “ಆವಾಗ ಇರದ ನಾಚಿಕೆ ಈವಾಗ್ಯಾಕೆ?” ಅಂದಳಂತೆ. ಆ ಮಾತನ್ನು ನಿಮ್ಮಮ್ಮ ನನ್ನ ಹತ್ತಿರ ಹೇಳಿದ್ದು ನಿನಗೆ ಏಳು ವರ್ಷವಾದ ಮೇಲೆ. ಆಮೇಲೆ ಅವಳು ಯಾವ ಡಾಕ್ಟರ ಎದುರೂ ಸೆರಗು ಸರಿಸಲಿಲ್ಲ. ನಿಮ್ಮಪ್ಪ ತೀರಿಕೊಂಡು ಅವಳು ನನ್ನ ಮನೆಗೆ ಬಂದ ಮೇಲೆ ಎದೆ ಪರೀಕ್ಷೆ, ರಕ್ತದೊತ್ತಡ ಎಂದು ಎಷ್ಟು ಸಲ ಕರೆದೆ. “ನನ್ನ ಮೈ ನನಗೆ ಗೊತ್ತಿಲ್ವಾ?” ಎನ್ನುವಳು. ಆ ಆಯಾ ಇದ್ದಾಳೋ ಸತ್ತಳೋ, ಅವಳ ಮೇಲೆ ದೂರು ಬರೆ, ಎರಡೂ ಕೈಯಲ್ಲಿ ಸಹಿ ಹಾಕುತ್ತೇನೆ.

ಇನ್ನು ಗಡಿಯಾರ. ನಮ್ಮ ಲಾಂಡ್ರಿಗೆ ಆಸ್ಪತ್ರೆಗಳ ಬಟ್ಟೆಯ ಗುತ್ತಿಗೆ ಸಿಕ್ಕಿದ ವರ್ಷ ಎಲ್ಲರಿಗೂ ಹಳದಿ ಕಾರ್ಡು ಹಂಚಿದ. ಕಣ್ಣು, ಎದೆ, ರಕ್ತ, ಕಡೆಗೆ ‘ಹೆಂಗಸರಿಗೆ ಮಾತ್ರ’ ಎಂದು ಒಂದು ಚೌಕ. “ನಾಲ್ಕೂ ಮುದ್ರೆ ಬೀಳದಿದ್ರೆ ಗೇಟಿನ ಒಳಗೆ ಬಿಡಲ್ಲ” ಎಂದ. ಯಾಕೆ ಮಾಡಿಸಬೇಕು, ಏನು ನೋಡುತ್ತಾರೆ, ಯಾರಿಗೆ ಒಳ್ಳೆಯದು, ಒಂದು ಮಾತು ಹೇಳಿದ್ದರೆ ನಾಲಗೆ ಸವೆಯುತ್ತಿತ್ತೇ? ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗದಿರಲಿ, ರೋಗ ಮೊಳಕೆಯಲ್ಲೇ ಕಾಣಲಿ ಎಂದೇ ಇರುವ ಪರೀಕ್ಷೆ ಅದು. ಅದನ್ನು ಅವನು ಗೇಟಿನ ಬೀಗ ಮಾಡಿದ. ನಮಗೂ ಮುದ್ರೆಯೇ ಮುಖ್ಯವಾಯಿತು, ಮೈ ಅಲ್ಲ.

ನಮ್ಮಲ್ಲಿ ಮುದ್ರೆ, ಹಾಜರಿ ಇವೆಲ್ಲ ಯಾವಾಗಲೂ ಹೀಗೆಯೇ. ನಿಮ್ಮಮ್ಮನಿಗೆ ಹುಷಾರಿಲ್ಲದ ದಿನ ಅವಳ ಹಾಜರಿ ಕಾರ್ಡನ್ನೂ ನಾನೇ ಯಂತ್ರಕ್ಕೆ ತೂರಿಸಿ, ಅವಳ ಪಾಳಿಯನ್ನೂ ಮಾಡಿ ಬರುತ್ತಿದ್ದೆ. ನಿಮ್ಮ ದೊಡ್ಡಪ್ಪ ಹೋದಾಗ ಹದಿನೈದು ದಿನ ನನ್ನ ಪಾಳಿಯನ್ನು ಅವಳು ಮಾಡಿದಳು. ಟೊಪ್ಪಿಗೆ, ಮುಖಗವಸು ಹಾಕಿದರೆ ಅಕ್ಕ ಯಾರು ತಂಗಿ ಯಾರು ಎಂದು ಹೆತ್ತವಳಿಗೂ ಗೊತ್ತಾಗುತ್ತಿರಲಿಲ್ಲ. ಗಡಿಯಾರನ ಕಣ್ಣು ಹೇಗೂ ಮಣಿಕಟ್ಟಿನ ಮೇಲೆ. ಬೇರೆ ಹೆಂಗಸರು “ನಿಮಗೇನಮ್ಮ, ಒಂದೇ ಅಚ್ಚು, ಎರಡು ಸಂಬಳ” ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು.

ಡಾಕ್ಟರ ಹೆಸರು ನಿನ್ನ ದೂರಿನಲ್ಲಿ ಒಂದು ಕಡೆಯೂ ಇಲ್ಲವಲ್ಲ, ಯಾಕೆ? ದೊಡ್ಡವರೆಂದೇ? ಮುಟ್ಟು ನಿಂತು ಎರಡು ವರ್ಷವಾದ ಮೇಲೆ ನಿಮ್ಮಮ್ಮನಿಗೆ ಮತ್ತೆ ರಕ್ತ ಕಾಣಿಸಿತು. ಐದು ವಾರ ನನ್ನಿಂದಲೂ ಮುಚ್ಚಿಟ್ಟಳು. ಒಗೆಯುವ ಬಟ್ಟೆಯಲ್ಲಿ ನಾನೇ ಕಂಡುಹಿಡಿದು, ಕೈ ಹಿಡಿದು ಎಳೆದುಕೊಂಡು ಹೋದೆ. ಆ ಮಹಾನುಭಾವ ಕಂಪ್ಯೂಟರು ನೋಡಿದ, ಅವಳನ್ನು ನೋಡಲಿಲ್ಲ. “ಎಂಟು ತಿಂಗಳ ಹಿಂದೆ ಟೆಸ್ಟ್ ಆಗಿದೆ. ಎಲ್ಲ ಕ್ಲೀನಾಗಿದೆ. ಸುಮ್ನೆ ಗಾಬರಿ ಯಾಕೆ? ವಯಸ್ಸಿನ ತೊಂದರೆ ಇದು” ಎಂದು ಮಾತ್ರೆ ಬರೆದುಕೊಟ್ಟ. ಐದು ತಿಂಗಳು ಆ ಮಾತ್ರೆ ನುಂಗಿದಳು. ಆಮೇಲೆ ದೊಡ್ಡಾಸ್ಪತ್ರೆಗೆ ಹೋಗುವ ಹೊತ್ತಿಗೆ ಅದು ಮೂತ್ರಕೋಶದವರೆಗೂ ಹಬ್ಬಿತ್ತು. ಅಲ್ಲಿಯ ಡಾಕ್ಟರಮ್ಮ, “ಒಂದು ವರ್ಷ ಮುಂಚೆ ಬಂದಿದ್ರೆ” ಎಂದು ಅಷ್ಟಕ್ಕೇ ನಿಲ್ಲಿಸಿದರು. ಉಳಿದ ಅರ್ಧವನ್ನು ಅಂದಿನಿಂದ ನಾನೇ ದಿನಾ ಹೇಳಿಕೊಳ್ಳುತ್ತಿದ್ದೇನೆ.

ನರ್ಸು ಹೋದ ಶನಿವಾರ ಲಾಂಡ್ರಿಯ ಗೇಟಿಗೆ ಬಂದಿದ್ದಳು. ನಿನ್ನ ವಕೀಲರು ಕ್ಲಿನಿಕ್ಕಿನಲ್ಲಿ ವಿಚಾರಿಸಿದ್ದರಿಂದ ದೂರಿನ ಸುದ್ದಿ ಅವಳಿಗೆ ಮುಟ್ಟಿದೆ. ದೂರು ಇನ್ನೂ ಮೇಲಿನವರ ಕೈಗೆ ಬರದಿದ್ದರೂ ವಿಚಾರಣೆ ಆಗುತ್ತದೆಂದು ಅವಳನ್ನು ಆ ಕೋಣೆಯಿಂದ ತೆಗೆದು ಔಷಧಿ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸಲು ಹಾಕಿದ್ದಾರಂತೆ. ಸಿಟ್ಟಿನಿಂದ ಬಂದಿರಬಹುದೆಂದು ನಾನು ಸೆಟೆದು ನಿಂತೆ. ಅವಳು ಮೆತ್ತಗೆ, “ಅಕ್ಕಾ, ನಿಮ್ಮ ತಂಗಿಯವರ ಮುಖ ಎಷ್ಟು ನೆನಪು ಮಾಡ್ಕೊಂಡ್ರೂ ಬರ್ತಿಲ್ಲ. ನಿಮ್ಮ ಹಾಗೇ ಇದ್ರು ಅನ್ನೋದಷ್ಟೇ ಗೊತ್ತು. ಒಂದು ಫೋಟೋ ಇದ್ರೆ ತೋರಿಸ್ತೀರಾ? ಆವತ್ತು ನಾನೇನು ತಪ್ಪು ಮಾಡಿದೆ ಅಂತ ನೆನಪಾಗುತ್ತೇನೋ. ರಾತ್ರಿಯೆಲ್ಲ ಅದೇ ಯೋಚನೆ” ಎಂದಳು.

“ಫೋಟೋ ಇಲ್ಲ” ಅಂದೆ. “ಪರವಾಗಿಲ್ಲ ಬಿಡಿ” ಎಂದು ಹೋದಳು.

ಆದ್ದರಿಂದ ಸಹಿ ಕೇಳಬೇಡ. ಆ ದಿನ ಒಳಗೆ ಏನಾಯಿತೆಂದು ನನಗೇನು ಗೊತ್ತು? ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದವಳು. ಬಡಪಾಯಿ ಹೆಂಗಸನ್ನು ಬಿಟ್ಟುಬಿಡು, ಪುಣ್ಯ ಬರುತ್ತದೆ.

ನಿನ್ನ ಕಾಗದದ ಕೊನೆಯ ಸಾಲೊಂದು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿದೆ. ‘ನನಗೀಗ ಮೂವತ್ತೊಂದು, ನನ್ನನ್ನೂ ಆ ಪರೀಕ್ಷೆಗೆ ಕರೆದಿದ್ದಾರೆ, ಅಮ್ಮನನ್ನು ಉಳಿಸದ ಪರೀಕ್ಷೆ ನನ್ನನ್ನು ಉಳಿಸುತ್ತದೆಯೇ, ಚೀಟಿಯನ್ನು ಹರಿದು ಬಿಸಾಕಿದೆ’ ಎಂದಿದ್ದೀಯ. ಹಾಗೆ ಮಾಡಬೇಡ ಕಂದಾ. ಹೋಗಿ ಬಾ. ದೊಡ್ಡಮ್ಮ ಹೇಳುತ್ತಿದ್ದೇನೆ ಎಂದಾದರೂ ಹೋಗಿ ಬಾ.

ನೂರು ವರ್ಷ ಬಾಳು. ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು.

ಇಂತಿ ನಿನ್ನ
ದೊಡ್ಡಮ್ಮ

ತಾ.ಕ.: ಬುಧವಾರ.

ಲಕೋಟೆಗೆ ಅಂಟು ಹಚ್ಚಿ ಮೂರು ದಿನವಾಗಿತ್ತು. ಇವತ್ತು ನೀರು ಕುದಿಸಿ, ಆವಿ ಹಿಡಿದು ಬಿಡಿಸಿದ್ದೇನೆ. ಮೇಲೆ ಬರೆದದ್ದನ್ನೆಲ್ಲ ಮತ್ತೆ ಓದಿದೆ. ಎಲ್ಲರ ಮೇಲೂ ಕೆಂಡ ಕಾರಿದ್ದೇನೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನಾನು ಒರೆಸಲಿಲ್ಲ, ನಿಜ. ನೀನು ಒರೆಸುವುದನ್ನು ನೋಡುತ್ತ ಕೂತೆ.

ಆ ದೋಣಿಯನ್ನು ನಿಮ್ಮಮ್ಮ ನೋಡಿಲ್ಲ ಪುಟ್ಟಿ. ನೋಡಿದವಳು ನಾನು. ಎರಡು ಸಲ.

ಮೊದಲನೆಯದು ನನ್ನ ಸರದಿಗೆ. ಎರಡು ವಾರದ ಮೇಲೆ ಅವಳ ಸರದಿ. ಬೆಂಚಿನವರೆಗೂ ಬಂದಳು. ಮುಂದಿನ ಹೆಸರು ಅವಳದು ಎನ್ನುವಾಗ ನನ್ನ ಕೈ ಹಿಡಿದಳು, ಅಂಗೈ ಒದ್ದೆಯಾಗಿತ್ತು. “ಅಕ್ಕಾ, ನನ್ನ ಕೈಲಿ ಆಗಲ್ಲ. ಕೆಲಸ ಹೋದ್ರೆ ಹೋಗಲಿ, ಮನೆಗೆ ಹೋಗೋಣ” ಎಂದಳು. ಅವಳು ಕೇಳಿದ್ದು ಮನೆಗೆ ಹೋಗಲು ಮಾತ್ರ. “ಕೊಡು ಇಲ್ಲಿ ಕಾರ್ಡು. ಎಷ್ಟು ಪಾಳಿ ಮಾಡಿದ್ದೀನಿ ನಿನ್ನದು, ಇದೊಂದು ಮಾಡೋಕಾಗಲ್ವಾ?” ಎಂದವಳು ನಾನು. ಅವಳಿಗೆ ಎಂಥ ನಗು ಬಂತು ಗೊತ್ತಾ, ಶಾಲೆಗೆ ರಜ ಸಿಕ್ಕಿದ ಹುಡುಗಿಯ ಹಾಗೆ. ಒಳಗೆ ನರ್ಸು, “ನಿಮ್ಮನ್ನ ಮೊನ್ನೆ ತಾನೆ ನೋಡಿದ ಹಾಗಿದೆಯಲ್ಲ?” ಎಂದಳು. “ಅವಳು ನಮ್ಮಕ್ಕ, ಎಲ್ಲರೂ ಹೀಗೇ ಕೇಳ್ತಾರೆ” ಎಂದೆ. ಅವಳೂ ನಕ್ಕಳು. ಬೆಂಚಿನ ಮೇಲೆ ಕೂತಿದ್ದವಳು ನಿಮ್ಮಮ್ಮ.

ಯಾರಾದರೂ ಕೇಳಿದರೆ ಹೇಳಲು ಬೇಕೆಂದು ಆ ಸಂಜೆ ಅವಳು ನನ್ನಿಂದ ಎಲ್ಲವನ್ನೂ ಕೇಳಿ ಬಾಯಿಪಾಠ ಮಾಡಿದಳು. ಬೆಚ್ಚಗಿನ ಉಪಕರಣ, ಒರಗಿಸಿದ ಕುರ್ಚಿ, ದೋಣಿ. ಕೇಳಿದವಳು ನೀನೊಬ್ಬಳೇ. ಫೋನಿನಲ್ಲಿ ನಿನಗೆ ಒಪ್ಪಿಸಿದಳು.

ಇಷ್ಟಾಗಿದ್ದರೆ ದಡ್ಡತನ ಎಂದು ಕ್ಷಮೆ ಕೇಳುತ್ತಿದ್ದೆ. ಡಾಕ್ಟರು “ಎಲ್ಲ ಕ್ಲೀನಾಗಿದೆ” ಎಂದಾಗ ನಾನು ಆ ಕೋಣೆಯಲ್ಲೇ ಇದ್ದೆ ಪುಟ್ಟಿ, ಅವಳ ಪಕ್ಕದ ಕುರ್ಚಿಯಲ್ಲಿ. ನಿಮ್ಮಮ್ಮ ತಲೆ ತಿರುಗಿಸಿ ನನ್ನನ್ನು ನೋಡಿದಳು. ‘ಸಾರ್, ಅದು ಇವಳದಲ್ಲ’. ಮೂರೇ ಪದ, ನಾನು ಹೇಳಬೇಕಿತ್ತು. ಗುಟ್ಟು ಬಯಲಾದರೆ ಇಬ್ಬರನ್ನೂ ಗೇಟಿನಿಂದ ಹೊರಗೆ ಹಾಕುತ್ತಾರೆ, ಈ ವಯಸ್ಸಿನಲ್ಲಿ ಎಲ್ಲಿ ಹೋಗುವುದು ಎಂದು ನಾನು ಗೋಡೆಯ ಮೇಲಿನ ಪಟ ನೋಡುತ್ತ ಕೂತೆ. ನನಗೆ ಬಾಯಿ ಇರಲಿಲ್ಲವೇ? ಗಡಿಯಾರನಿಗೆ ಎದುರುತ್ತರ ಕೊಡುವ ಬಾಯಿ ನನ್ನದು. ಹೊರಗೆ ಬಂದ ಮೇಲೆ ಅವಳೇ ನನ್ನ ಬೆನ್ನು ಸವರಿ, “ಹೋಗಲಿ ಬಿಡಕ್ಕಾ, ಡಾಕ್ಟ್ರೇ ಏನೂ ಇಲ್ಲ ಅಂದ್ರಲ್ಲ” ಎಂದಳು. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಐದು ತಿಂಗಳು ದಿನಕ್ಕೆರಡು ಹೊತ್ತು ಆ ಮಾತ್ರೆಯನ್ನು ನೀರಿನ ಜೊತೆ ಅವಳ ಕೈಗೆ ಕೊಟ್ಟವಳು ನಾನು. ಸಾಯುವವರೆಗೆ ಅವಳು ಆ ವಿಷಯ ಎತ್ತಲಿಲ್ಲ. ಒಂದು ಸಲ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಫೋಟೋ ಇದೆ, ಬಾಗಿಲ ಪಕ್ಕವೇ ತೂಗುಹಾಕಿದ್ದೇನೆ. ನಾಳೆ ಅದನ್ನು ಇಳಿಸಿಕೊಂಡು ಔಷಧಿ ಗೋದಾಮಿಗೆ ಹೋಗಿ, “ನೀವು ಇವಳನ್ನು ನೋಡೇ ಇಲ್ಲ, ತಪ್ಪು ಹುಡುಕಬೇಡಿ” ಎಂದು ನರ್ಸಿಗೆ ಹೇಳಿ ಬರುತ್ತೇನೆ. ನಿನ್ನ ದೂರನ್ನು ಸಹಿಯಿಲ್ಲದೆ ವಾಪಸು ಕಳಿಸಿದ್ದೇನೆ. ಅದರ ಜೊತೆ ಇನ್ನೊಂದು ಕಾಗದವಿದೆ, ನಡೆದದ್ದೆಲ್ಲ ಅದರಲ್ಲಿದೆ, ಕೆಳಗೆ ನನ್ನ ಸಹಿ ಇದೆ. ವಕೀಲರಿಗೆ ಕೊಡು. ಲಾಂಡ್ರಿಗೂ ಒಂದು ಪ್ರತಿ ಕೊಡುತ್ತೇನೆ. ನನ್ನನ್ನು ಇನ್ನು ದೊಡ್ಡಮ್ಮ ಎನ್ನುತ್ತೀಯೋ ಇಲ್ಲವೋ, ಅದು ನಿನಗೆ ಬಿಟ್ಟದ್ದು.

ಆದರೆ ಹರಿದು ಬಿಸಾಕಿದ ಚೀಟಿಯನ್ನು ಮತ್ತೆ ಕೇಳಿ ತೆಗೆದುಕೋ. ನೀನೇ ಹೋಗು, ನೀನೇ ಮಲಗು. ಪರೀಕ್ಷೆ ನಿಮ್ಮಮ್ಮನಿಗೆ ಮೋಸ ಮಾಡಲಿಲ್ಲ ಕಂದಾ, ಅದು ಅವಳನ್ನು ನೋಡಲೇ ಇಲ್ಲ. ಅವಳ ಹೆಸರಿನಲ್ಲಿ ಬಂದ ರಿಪೋರ್ಟನ್ನು ನಿನ್ನೆ ಪೆಟ್ಟಿಗೆಯಿಂದ ತೆಗೆದು ಓದಿದೆ. ‘ಯಾವುದೇ ದೋಷ ಕಂಡುಬಂದಿಲ್ಲ’ ಎಂದಿದೆ. ಒಂದಕ್ಷರವೂ ಸುಳ್ಳಲ್ಲ. ನಾನಿಲ್ಲಿ ಕ್ಷೇಮ.